ಅರ್ಧ ಅಂಗಡಿ ಉಟ್ಟುಕೊಂಡ ಗಾಡಿ

ಗ್ಯಾರೇಜಿನ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಕೇಳುವುದುಂಟು: ಖಾಲಾ, ಇಂಜಿನ್ ಕಲಿಯುವುದು ಕಷ್ಟವಾ? ಇಂಜಿನ್ ಏನೂ ಕಷ್ಟವಿಲ್ಲ. ಅದಕ್ಕೆ ಎಣ್ಣೆ ಬೇಕು, ನೀರು ಬೇಕು, ಗಾಳಿ ಬೇಕು. ಸಿಕ್ಕರೆ ಓಡುತ್ತದೆ, ಸಿಗದಿದ್ದರೆ ನಿಲ್ಲುತ್ತದೆ. ಗಾಡಿ ತಂದ ಮನುಷ್ಯನಿಗೆ ಮಾತ್ರ ಏನು ಬೇಕು ಎಂಬುದು ಅವನಿಗೂ ಗೊತ್ತಿರುವುದಿಲ್ಲ, ಅವನ ಹೆಂಡತಿಗೆ ಗೊತ್ತಿರುತ್ತದೆ. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಹೆಸರು ಖೈರೂನ್, ಮೂರನೇ ಇಯತ್ತೆ ಓದಿದವಳು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮದು ವಿಜಾಪುರ ಕಡೆ. ಗಂಡ ಮುಂಬೈಯ ಸಾಂತಾಕ್ರೂಜಿನ ಒಂದು ಗ್ಯಾರೇಜಿನಲ್ಲಿ ತಗಡು ಬಡಿಯುತ್ತಿದ್ದ. ಅವನು ಸತ್ತ ಮೇಲೆ ಅದೇ ಗ್ಯಾರೇಜಿನಲ್ಲಿ ನಾನು ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆಯುವ ಕೆಲಸಕ್ಕೆ ನಿಂತೆ. ಗ್ಯಾರೇಜು ಮೌಲಾಸಾಬರದು. ಅವರೂ ನಮ್ಮ ಕಡೆಯವರೇ. ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಉಸ್ತಾದರ ಹೊಟ್ಟೆ ದೊಡ್ಡದು, ಗಾಡಿಯ ಕೆಳಗಿನ ಜಾಗ ಸಣ್ಣದು, ನಾನು ಇನ್ನೂ ಸಣ್ಣವಳು. ಹೀಗೆ ನಾನು ಮೆಕ್ಯಾನಿಕ್ ಆದೆ. ಬೇರೆ ಕಾರಣ ಏನೂ ಇಲ್ಲ.

ಉಸ್ತಾದರಿಂದ ಬಹಳ ಕಲಿತೆ. ನಮ್ಮ ತಗಡಿನ ಸೂರಿನ ಮೇಲೆಯೇ ವಿಮಾನ ಇಳಿಯುವ ದಾರಿ. ಉಸ್ತಾದರು ರಿಪೇರಿಯ ಖರ್ಚನ್ನು ಯಾವಾಗಲೂ ವಿಮಾನ ಹೋಗುವಾಗಲೇ ಹೇಳುತ್ತಿದ್ದರು. ಗಿರಾಕಿ ಕಿವಿ ಹತ್ತಿರ ತಂದು "ಹಾಂ?" ಅನ್ನುತ್ತಿದ್ದ. ಮುಖ ಬಾಡದೆ "ಹಾಂ" ಅಂದರೆ ಎರಡನೇ ಸಲ ಹೇಳುವಾಗ ಸ್ವಲ್ಪ ಏರಿಸುತ್ತಿದ್ದರು. ಬಾಡಿದ್ದರೆ ಇಳಿಸುತ್ತಿದ್ದರು. ಅದಕ್ಕೆ ಅವರು ವ್ಯಾಪಾರ ಅನ್ನುತ್ತಿದ್ದರು.

ನನ್ನ ಕೈಯಲ್ಲಿ ಬಂದು ಹೋದ ಗಾಡಿಗಳಲ್ಲಿ ಮರೆಯದೆ ಉಳಿದದ್ದು ಶಂಕ್ರಪ್ಪನ ಹಳೆಯ ಎಸ್‌ಯುವಿ. ಅದೊಂದನ್ನು ತಿಳಿದುಕೊಂಡರೆ ಹಳೆಯ ದೊಡ್ಡ ಗಾಡಿಗಳ ಅರ್ಧ ರೋಗ ತಿಳಿದ ಹಾಗೆ. ಉಳಿದರ್ಧವೂ ಆ ಗಾಡಿಗೆ ಬರುತ್ತಿತ್ತೇನೋ. ಆದರೆ ಅಷ್ಟು ಹೊತ್ತಿಗೆ ಅದು ಗಾಡಿಯಾಗಿ ಉಳಿದಿರಲಿಲ್ಲ.

ಶಂಕ್ರಪ್ಪ ಬೆಳಗಾವಿ ಕಡೆಯವನು. ವಿಲೆ ಪಾರ್ಲೆ ಸ್ಟೇಶನ್ ಹತ್ತಿರ ಇಳಕಲ್ ಸೀರೆ, ಕುಬಸದ ಖಣದ ಅಂಗಡಿ. ಅಂಗಡಿ ಸಣ್ಣದು. ಯಜಮಾನ ಅವನು, ಮಾತು ನಡೆಯುವುದು ಹೆಂಡತಿ ಕಸ್ತೂರಿಯದು. ವಯಸ್ಸಿನಲ್ಲಿ ಅವನು ಲೋಕಲಿನ ಲಗೇಜ್ ಡಬ್ಬಿಯಲ್ಲಿ ಸೀರೆ ಕಟ್ಟಿನ ಮೇಲೆ ಕೂತು ಮೀನು ಬುಟ್ಟಿಗಳ ನಡುವೆ ಓಡಾಡಿದವನು. ಕೂತಲ್ಲಿಂದ ಕಾಣುತ್ತಿದ್ದದ್ದು ಬರೀ ಜನರ ಮೊಳಕಾಲು. ದುಡ್ಡು ಸ್ವಲ್ಪ ಕೈಗೆ ಬಂದಾಗ ಎರಡು ಕೈ ದಾಟಿ ಬಂದ ಒಂದು ಬಿಳಿ ಡೀಸೆಲ್ ಗಾಡಿ ತೆಗೆದುಕೊಂಡ. ಮೂತಿಗೆ ಚೆಂಡು ಹೂವಿನ ಹಾರ, ಕೆಳಗೆ ಲಿಂಬೆ, ಮೆಣಸಿನಕಾಯಿ. ಹಾರನ್ ಹೊಡೆಯುತ್ತ ನಮ್ಮ ಗಲ್ಲಿಗೆ ಬಂದ.

"ಖಾಲಾ, ಒಂದ್ಸಲ ಮ್ಯಾಲ ಹತ್ತಿ ಕುಂದರ್ರಿ," ಅಂದ. "ಇದರಾಗ ಕುಂತ್ರ ಬಸ್ ಡ್ರೈವರನ ಮಾರಿ ಎದುರಿಗೇ ಕಾಣತೈತಿ. ನಿನ್ನೆ ಒಬ್ಬ ನನಗ ಸಲಾಮ್ ಹೊಡದಾ!"

ನಮ್ಮ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ಹಾರ ಹಾಕಿಕೊಂಡು ಬಂದ ಗಾಡಿಯ ಐಬು ಆ ದಿನ ಹೇಳಬಾರದು. ಚಹಾ ಕೊಟ್ಟು, "ಮುಬಾರಕ್" ಅಂದು ಕಳಿಸಬೇಕು. ನಾನು ಹತ್ತಿ ಕೂತೆ. ಕೂತ ಕೂಡಲೇ ಕಣ್ಣು ಕೆಳಗೆ ಹೋಯಿತು. ಮೀಟರಿನಲ್ಲಿ ಓಡಿದ್ದು ಸ್ವಲ್ಪವೇ ಎಂದಿತ್ತು. ಕ್ಲಚ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಹೊಳೆಯುತ್ತಿತ್ತು. ಮೀಟರನ್ನು ಯಾರು ಬೇಕಾದರೂ ತಿರುಗಿಸುತ್ತಾರೆ, ಪೆಡಲಿನ ರಬ್ಬರನ್ನು ತಿರುಗಿಸಲು ಯಾರಿಗೂ ನೆನಪಾಗುವುದಿಲ್ಲ. ಕಾರ್ಪೆಟ್ ಎತ್ತಿ ಮೂಸಿದೆ. ಕೆಸರು ಒಣಗಿದ ವಾಸನೆ. ಸೀಟಿನ ಹಳಿ ತುಕ್ಕು. ಯಾವುದೋ ಮಳೆಗಾಲದಲ್ಲಿ ಈ ಗಾಡಿ ಸೊಂಟದ ತನಕ ನೀರು ಕುಡಿದಿದೆ.

"ಅಣ್ಣಾ," ಅಂದೆ, "ಇದು ಈಸು ಬಿದ್ದು ಬಂದ ಗಾಡಿ."

ಉಸ್ತಾದರು ಹಿಂದಿನಿಂದ ಖಾಲಿ ಡಬ್ಬಿ ಒದ್ದರು. "ಅರೇ ನಕ್ಕೋ ಬೋಲ್ ರೇ ಬಾಯಿ! ಹಾರ ಒಣಗೂ ತನಕಾರೆ ಬಾಯಿ ಮುಚ್ಕೊಂಡಿರು."

ಶಂಕ್ರಪ್ಪ ನಕ್ಕ. "ಈಸು ಬರ್ತದ ಅಂದ್ರ ಇನ್ನೂ ಚಲೋ ಆತಲ್ಲ, ಮುಂಬೈಯಾಗ ಬೇಕಾಗತೈತಿ."

ಹಾರ ಒಣಗಿತು. ಗಾಡಿ ಬಂತು. ಮುಂದಿನ ಗಾಲಿಯಲ್ಲಿ ಖಟ್ ಖಟ್.

ಹಳೆಯ ದೊಡ್ಡ ಗಾಡಿಗೆ ಮೊದಲು ಹೋಗುವುದು ಮುಂದಿನ ಕಾಲು. ಭಾರ ಬಹಳ, ನಮ್ಮ ರಸ್ತೆಯ ಗುಂಡಿ ಇನ್ನೂ ಬಹಳ. ಕೆಳಗಿನ ಆರ್ಮು, ಅದರ ರಬ್ಬರ್ ಬುಶ್ಶು, ಲಿಂಕ್ ರಾಡು, ಎಲ್ಲ ಸಡಿಲ. ಬದಲಿಸಿದೆವು. ಶಂಕ್ರಪ್ಪ ಖರ್ಚು ಕೇಳಿದ. ವಿಮಾನ ಹೋಯಿತು. ಉಸ್ತಾದರು ಹೇಳಿದರು. ಶಂಕ್ರಪ್ಪ ಬೆರಳು ಮಡಚಿ, "ಅಂದ್ರ ಎಂಟು ಇಳಕಲ್, ರೇಶ್ಮಿ ಸೆರಗಿನವು," ಅಂದ. ಅವನ ಲೆಕ್ಕವೆಲ್ಲ ಸೀರೆಯಲ್ಲಿ. ನಮಗೂ ಅದೇ ರೂಢಿಯಾಯಿತು. ಆಮೇಲೆ ಬೇರೆ ಗಿರಾಕಿಗೂ ಉಸ್ತಾದರು ಒಮ್ಮೆ ಬಾಯಿತಪ್ಪಿ "ಸೆಲ್ಫ್ ಮೋಟಾರ್ ಮೂರು ಸೀರೆ" ಅಂದುಬಿಟ್ಟರು.

ಮತ್ತೆ ಬಂತು ಗಾಡಿ. ಖಟ್ ಖಟ್ ಹಾಗೆಯೇ ಇದೆ. ಉಸ್ತಾದರು ಉದ್ದ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ ಒತ್ತಿ, ಹಿಡಿಕೆ ಕಿವಿಗೆ ಇಟ್ಟು, ಕಣ್ಣು ಮುಚ್ಚಿ ಕೇಳಿದರು. ಅದು ಅವರ ಪದ್ಧತಿ. ಎಷ್ಟೋ ಸಲ ಸರಿಯಾಗಿಯೇ ಹೇಳಿದ್ದಾರೆ. ಈ ಸಲ ಕಣ್ಣು ತೆರೆದು, "ಶಾಕರ್," ಅಂದರು. ಕುಲುಕು ತಡೆಯುವ ಶಾಕರ್ ಬದಲಿಸಿದೆವು. ಮತ್ತೆ ಸೀರೆಗಳು ಹೋದವು. ಸದ್ದು ಹೋಗಲಿಲ್ಲ.

ಕಡೆಗೆ ನಾನು ಗಾಡಿಯ ಹಿಂದಿನ ಭಾಗದಲ್ಲಿ ಮಲಗಿದೆ. ಶಂಕ್ರಪ್ಪನಿಗೆ ಸ್ಪೀಡ್ ಬ್ರೇಕರ್ ಮೇಲೆ ಓಡಿಸು ಅಂದೆ. ಮೂರನೇ ಉಬ್ಬಿಗೆ ಸೀಟಿನ ಕೆಳಗಿನಿಂದ ಏನೋ ಉರುಳಿ ಬಂದು ನನ್ನ ತಲೆಗೆ ಬಡಿಯಿತು. ಹಿತ್ತಾಳೆ ತಂಬಿಗೆ! ಪ್ರತಿ ಅಮಾವಾಸ್ಯೆಗೆ ಶಂಕ್ರಪ್ಪ ಗಾಡಿ ಪೂಜೆ ಮಾಡುತ್ತಿದ್ದ. ನೀರು ಚಿಮುಕಿಸಿದ ತಂಬಿಗೆ ಒಳಗೇ ಉಳಿದಿತ್ತು.

ಉಸ್ತಾದರು ತಂಬಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬುಶ್ ಸವದಿದ್ದು ಖರೇ," ಅಂದರು.

"ಸಪ್ಪಳ ಮಾಡಿದ್ದು ತಂಬಗಿ," ಅಂದ ಶಂಕ್ರಪ್ಪ.

"ಎರಡೂ ಖರೇ. ರೊಕ್ಕ ಒಂದರದ್ದೇ ತಗೊಂಡೇನಿ. ತಂಬಗಿ ಮುಫತ್."

ನೀವು ಗಾಡಿ ಬಿಚ್ಚುವ ಮೊದಲು ಗಾಡಿ ಖಾಲಿ ಮಾಡಿ. ಇಷ್ಟನ್ನೇ ನೆನಪಿಟ್ಟುಕೊಂಡರೂ ಸಾಕು, ನಿಮ್ಮ ಹೆಸರು ಕೆಡುವುದಿಲ್ಲ.

ಆಮೇಲೆ ಕ್ಲಚ್. ಮುಂಬೈಯಲ್ಲಿ ಗಾಡಿ ಓಡುವುದಕ್ಕಿಂತ ನಿಂತು ತೆವಳುವುದೇ ಹೆಚ್ಚು. ಶಂಕ್ರಪ್ಪ ಕ್ಲಚ್ಚಿನ ಮೇಲೆ ಕಾಲಿಟ್ಟೇ ಕೂರುತ್ತಿದ್ದ. ಊರಿನಲ್ಲಿ ಹೊಲಿಗೆ ಯಂತ್ರ ತುಳಿದ ಕಾಲು ಅದು, ಸುಮ್ಮನಿರಲು ಬಾರದು. ಪ್ಲೇಟ್ ಸುಟ್ಟಿತು. ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಜೀವನಪೂರ್ತಿ ಬಿಡುವುದಿಲ್ಲ. ಕ್ಲಚ್ ಪ್ಲೇಟ್ ಬದಲಿಸಬೇಕೆಂದರೆ ಗೇರ್ ಡಬ್ಬಿ ಇಳಿಸಬೇಕು. ದೊಡ್ಡ ಗಾಡಿಯ ಗೇರ್ ಡಬ್ಬಿ ಎಂದರೆ ಒಂದು ಎಮ್ಮೆ ಕರು. ಪ್ಲೇಟಿಗಿಂತ ಕೂಲಿಯೇ ಕೈ ಕಚ್ಚುತ್ತದೆ. ಇಳಿಸಿದ ಮೇಲೆ ಬೇರಿಂಗೂ ಬದಲಿಸಬೇಕು, ಅದನ್ನು ಉಳಿಸಿದರೆ ಮೂರು ತಿಂಗಳಿಗೆ ಮತ್ತೆ ಇಳಿಸಬೇಕು. ಇದನ್ನು ಗಿರಾಕಿಗೆ ಹೇಳಿದರೆ ನಂಬುವುದಿಲ್ಲ. ಶಂಕ್ರಪ್ಪ ನಂಬಿದ. ಅವನ ಹೆಂಡತಿ ಫೋನ್ ಮಾಡಿದಳು.

ಕಸ್ತೂರಿ ಒಂದು ದಿನವೂ ಗ್ಯಾರೇಜಿಗೆ ಬಂದವಳಲ್ಲ. ಬಂದರೆ ಗಾಡಿಯನ್ನು ಒಪ್ಪಿಕೊಂಡ ಹಾಗೆ ಅಂತ ಅವಳ ಎಣಿಕೆ. ಫೋನಿನಲ್ಲಿ ಮಾತ್ರ ನಮ್ಮ ಪರಿಚಯ.

"ಯಾರು, ಗ್ಯಾರೇಜಿನ ಬಾಯಿ ಏನ?"

"ಹೂಂ ವೈನಿ."

"ಕ್ಲಚ್ ಅಂದ್ರ ಎಷ್ಟು ಸೀರಿ?"

ಹೇಳಿದೆ.

"ನನ್ನ ಮದವ್ಯಾಗೂ ಅಷ್ಟು ಸೀರಿ ಕೊಟ್ಟಿಲ್ಲ ಅವರು. ಅರ್ಧಾ ಅಂಗಡಿ ಉಟಗೊಂಡು ನಿಂತೈತಿ ಆ ಗಾಡಿ. ಇನ್ನ ಅದಕ್ಕ ಕುಬಸಾ ಹೊಲಿಸ್ರಿ!" ಫೋನ್ ಇಟ್ಟಳು.

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಳೆಯ ಗಾಡಿ ಕೊಳ್ಳುವಾಗ ಅಗ್ಗ, ಸಾಕುವಾಗ ಹೊಸ ಗಾಡಿಯ ರೇಟೇ. ಬಿಡಿಭಾಗದ ಅಂಗಡಿಯವನಿಗೆ ನಿಮ್ಮ ಗಾಡಿ ಎಷ್ಟಕ್ಕೆ ಬಂತು ಎಂಬುದು ಬೇಕಿಲ್ಲ. ಇದನ್ನು ನಾನು ಶಂಕ್ರಪ್ಪನಿಗೆ ಹೇಳಿದೆ. ಅವನು ಸೀಟಿನ ಧೂಳು ಒರೆಸುತ್ತಿದ್ದ.

ಬೇಸಿಗೆಯಲ್ಲಿ ಇಂಜಿನ್ ಕಾಯತೊಡಗಿತು. ರೇಡಿಯೇಟರಿಗೆ ನಲ್ಲಿ ನೀರು ಹಾಕಬೇಡ, ಒಳಗೆ ತುಕ್ಕು ಕೂರುತ್ತದೆ ಅಂತ ಹೇಳಿದ್ದೆ. ಹಸಿರು ಕೂಲಂಟ್ ಹಾಕಬೇಕು. ಅವನು ಅಂಗಡಿಯ ಬಾಟಲಿ ನೀರು ಕೊಂಡು ಹಾಕಿದ. "ನಾ ನಲ್ಲಿ ನೀರು ಕುಡೀತೀನಿ, ಗಾಡಿಗೆ ಬಾಟ್ಲಿ ನೀರು ಹಾಕೇನಿ, ಇನ್ನೇನ ಬೇಕು ಅದಕ್ಕ?" ಅಂತ ನನ್ನ ಮೇಲೇ ಸಿಟ್ಟು ಮಾಡಿದ. ರೇಡಿಯೇಟರ್ ತೊಳೆಸಿದೆವು, ಹೋಸ್ ಪೈಪು ಬದಲಿಸಿದೆವು. ಅದು ಹೇಗೋ ನಡೆಯಿತು.

ಆಮೇಲೆ ಒಂದು ದಿನ ಏರ್‌ಪೋರ್ಟ್ ತಿರುವಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಕಸ್ತೂರಿ ಒಳಗಿದ್ದಳು, ರೇಶ್ಮೆ ಸೀರೆಯಲ್ಲಿ, ಯಾರದೋ ಮದುವೆಗೆ ಹೊರಟವಳು. ಹಿಂದೆ ನೂರು ಹಾರನ್. ಶಂಕ್ರಪ್ಪ ಸ್ಟೇರಿಂಗ್ ಹಿಡಿದು ಕೂತ. ಕಸ್ತೂರಿ ಇಳಿದು ತಳ್ಳಿದಳು. ಒಬ್ಬ ರಿಕ್ಷಾದವನು, "ಮಾವಶಿ, ಜೋರ್ ಲಗಾ!" ಅಂದನಂತೆ. ಶಂಕ್ರಪ್ಪನೇ ಇದನ್ನು ನಗುತ್ತಾ ಹೇಳಿದ. ಮನೆಯಲ್ಲಿ ನಗಲಿಲ್ಲವಂತೆ.

ಅಷ್ಟು ಹೊತ್ತಿಗೆ ನಮ್ಮಲ್ಲಿ ಸ್ಕ್ಯಾನರ್ ಬಂದಿತ್ತು. ಸ್ಟೇರಿಂಗಿನ ಕೆಳಗೆ ವೈರ್ ಚುಚ್ಚಿದರೆ ಗಾಡಿಯ ರೋಗ ಪರದೆಯ ಮೇಲೆ ಬರುತ್ತದೆ. ಈಗಿನವರಿಗೆ ಅದೇ ಮೊದಲ ಆಯುಧ. ಉಸ್ತಾದರಿಗೆ ಅದರ ಮೇಲೆ ನಂಬಿಕೆಯಿಲ್ಲ, ಆದರೂ ಕೊಂಡಿದ್ದರು. ಎದುರು ಗಲ್ಲಿಯವನ ಹತ್ತಿರ ಇತ್ತು, ಅದಕ್ಕೆ. ಶಂಕ್ರಪ್ಪನ ಗಾಡಿಗೆ ಚುಚ್ಚಿದರೆ ಪರದೆ ತುಂಬ ಕೆಂಪು. ಈ ಸೆನ್ಸರ್ ಇಲ್ಲ, ಆ ಸೆನ್ಸರ್ ಕೆಟ್ಟಿದೆ, ಇಂಜೆಕ್ಟರ್ ಮಾತಾಡುತ್ತಿಲ್ಲ.

ಉಸ್ತಾದರು ಪರದೆಯನ್ನು ದೂರ ಹಿಡಿದು ನೋಡಿದರು. "ಇದು ಹೊಸಾ ಸೊಸಿ ಹಂಗ. ಮನ್ಯಾಗಿನ ಎಲ್ಲಾರ ಮ್ಯಾಲೂ ದೂರು ಹೇಳ್ತೈತಿ."

ನಾನು ಬಾನೆಟ್ ಎತ್ತಿದೆ. ಎಲ್ಲ ಸೆನ್ಸರೂ ಒಟ್ಟಿಗೆ ಕೆಡುವುದಿಲ್ಲ. ಎಲ್ಲವೂ ಒಟ್ಟಿಗೆ ಹೋಯಿತು ಅಂದರೆ ವೈರು ಹೋಗಿದೆ. ಇಂಜಿನ್ನಿನ ಮೇಲೆ ಒಂದು ಗೂಡು. ಖಣದ ಚೂರು, ಇಳಕಲ್ ಸೆರಗಿನ ಕೆಂಪು ದಾರ, ನಡುವೆ ಮೆತ್ತಗೆ ಹಾಸಿಗೆ. ಇಲಿ ಹಾಯಾಗಿ ಸಂಸಾರ ಮಾಡಿ, ವೈರನ್ನೆಲ್ಲ ಕಡಿದು ಹೋಗಿತ್ತು. ಪಕ್ಕದಲ್ಲಿ ಒಣ ಕೊಬ್ಬರಿ ಚೂರು, ಬೆಲ್ಲದ ಜಿಗುಟು.

"ಅಣ್ಣಾ, ಇಲ್ಲಿ ಕೊಬ್ಬರಿ ಯಾರು ಇಟ್ಟಾರ?"

"ನಾನ. ಅಮಾಸಿಗೆ ಇಂಜಿನ್ನಿಗೆ ನೈವೇದ್ಯ ತೋರಿಸ್ಬೇಕಲ್ಲ?"

"ತೋರಿಸಿ ತಕ್ಕೊಳ್ಳೂದು. ಬಾನೆಟ್ ಮುಚ್ಚಿ ಹೋಗೂದಲ್ಲ."

"ಉಣ್ಣಾಕ ವ್ಯಾಳೆ ಕೊಡಬೇಕಲ್ಲ ಖಾಲಾ!"

ಆ ವೈರಿಂಗ್ ಜೋಡಿಸಿದ್ದು ದೊಡ್ಡ ಕೆಲಸ. ಒಂದೊಂದೇ ವೈರಿನ ಬಣ್ಣ ನೋಡಿ, ಬೆಸೆದು, ಟೇಪು ಸುತ್ತಿ. ಶಂಕ್ರಪ್ಪ ಸೀರೆಯ ಲೆಕ್ಕವನ್ನೇ ಬಿಟ್ಟುಬಿಟ್ಟ. ಗೂಡನ್ನು ಮನೆಗೆ ಒಯ್ದು ಹೆಂಡತಿಗೆ ತೋರಿಸಿದ, ತಪ್ಪು ಇಲಿಯದು ಎಂದು ರುಜುವಾತು ಮಾಡಲು. ಅವಳು ಬಟ್ಟೆಯ ಚೂರು ಗುರುತು ಹಿಡಿದಳು. ಅಂಗಡಿಯದೇ ಹೊಸ ಮಾಲು.

ಮರುದಿನ ಅವನು ಬಂದಾಗ ಮುಖ ಸೋತು ಹೋಗಿತ್ತು. ಕಸ್ತೂರಿ ಕರಾರು ಹಾಕಿದ್ದಳು. ಬರುವ ಭಾನುವಾರ ಮಾಟುಂಗದ ಕನ್ನಡ ಸಂಘದಲ್ಲಿ ಹೆಂಗಸರ ರೊಟ್ಟಿ ಬಡಿಯುವ ಪಂದ್ಯ. ಅವಳು, ಅವಳ ತಾಯಿ ನೀಲವ್ವ, ಹೆಂಚು, ಒಲೆ, ಹಿಟ್ಟು, ಎಲ್ಲ ಆ ಗಾಡಿಯಲ್ಲೇ ಹೋಗಬೇಕು. ದಾರಿಯಲ್ಲಿ ಒಂದು ಸಲ ಕೆಟ್ಟು ನಿಂತರೂ ಸೋಮವಾರ ಗಾಡಿ ಕುರ್ಲಾದ ಭಂಗಾರಿನವನಿಗೆ, ಅಂದರೆ ಗುಜರಿಗೆ. ನಿಲ್ಲದೆ ಮುಟ್ಟಿದರೆ ಗಾಡಿ ಉಳಿಯುತ್ತದೆ, ಮತ್ತೆಂದೂ ಮಾತೆತ್ತುವುದಿಲ್ಲ. ಇನ್ನೊಂದು ಶರತ್ತು: ಗ್ಯಾರೇಜಿನವರು ಯಾರೂ ಗಾಡಿಯಲ್ಲಿರಬಾರದು.

"ಖಾಲಾ, ಮತ್ತ ಲಗೇಜ್ ಡಬ್ಬಿಗೆ ನಾ ಹೋಗೂದಿಲ್ಲ," ಅಂದ ಶಂಕ್ರಪ್ಪ. "ನೀವು ಬರ್ರಿ. ಆಕಿ ನಿಮ್ಮ ಮಾರಿ ನೋಡಿಲ್ಲ. ರೊಟ್ಟಿ ಬಡಿಯೂ ಆಳು ಅಂತ ಹೇಳ್ತೀನಿ."

"ಧ್ವನಿ ಗೊತ್ತೈತಿ ಆಕಿಗೆ."

"ಮೂಕಿ ಅಂತ ಹೇಳ್ತೀನಿ."

ಉಸ್ತಾದರು ನಗಲು ಶುರು ಮಾಡಿದವರು ಚಹಾ ಬರುವ ತನಕ ನಿಲ್ಲಿಸಲಿಲ್ಲ. "ಖೈರೂನ್ ಮೂಕಿ! ಯಾ ಅಲ್ಲಾ, ಒಂದು ದಿನಾ ಇಲ್ಲಿ ಹಂಗ ಇರಬಾರದಿತ್ತಾ!"

ಭಾನುವಾರ ಶಂಕ್ರಪ್ಪ ಕೊಟ್ಟ ಇಳಕಲ್ ಸೀರೆ ಉಟ್ಟು, ಸೆರಗು ತಲೆ ತುಂಬ ಹೊದ್ದು ಹೋದೆ. ಪಾನಾ, ಪಕ್ಕಡ್, ಫ್ಯೂಸು, ಟೇಪು, ಎಲ್ಲ ರಿಪೇರಿ ಸಾಮಾನು ಜೋಳದ ಹಿಟ್ಟಿನ ಡಬ್ಬಿಯ ತಳದಲ್ಲಿ. ಕಸ್ತೂರಿ ಮುಂದಿನ ಸೀಟು. ನಡುವಿನ ಸೀಟಿನಲ್ಲಿ ನಾನು ಮತ್ತು ನೀಲವ್ವ. ನೀಲವ್ವ ದೊಡ್ಡ ಆಳು, ಮೊಳಕಾಲು ಕೆಟ್ಟಿವೆ, ಬಾಯಿ ಗಟ್ಟಿಯಾಗಿದೆ. ಪಾರ್ಲೆ ದಾಟುವುದರೊಳಗೆ ನನ್ನ ಕೈ ಹಿಡಿದು ತಿರುಗಿಸಿದಳು.

"ಉಗರಾಗ ಕರೇ ಎಣ್ಣಿ. ರೊಟ್ಟಿ ಬಡಿಯೂ ಕೈ ಹಿಂಗಿರತಾವೇನ ತಂಗೀ?" ಅಂದಳು, ಮೆಲ್ಲಗೆ.

ನಾನು ತಲೆ ಅಲ್ಲಾಡಿಸಿದೆ. ಯಾವ ಕಡೆ ಅಲ್ಲಾಡಿಸಿದೆನೋ ನನಗೇ ಗೊತ್ತಿಲ್ಲ.

"ಇರ್ಲಿ, ನಾ ಹೇಳೂದಿಲ್ಲ. ನನಗೂ ಆಟ ನೋಡಬೇಕಾಗೇತಿ."

ಹೈವೇಯಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ಶಂಕ್ರಪ್ಪ ಎದೆ ಎತ್ತಿ ಕೂತಿದ್ದ. ಬಾಂದ್ರಾ ಹತ್ತಿರ ಸೇತುವೆಯ ಏರಿನಲ್ಲಿ ವಾಹನ ಜಾಮ್ ಆಯಿತು. ಅವನು ಬ್ರೇಕ್ ಹಿಡಿಯುವ ಬದಲು ಕ್ಲಚ್ ಅರ್ಧ ಒತ್ತಿ ಗಾಡಿಯನ್ನು ಏರಿನಲ್ಲಿ ತೂಗಿ ನಿಲ್ಲಿಸಿದ. ನಾನು ತುಟಿ ಕಚ್ಚಿದೆ. ಮುಂದೆ ಹೋದ, ಮತ್ತೆ ತೂಗಿದ. ವಾಸನೆ ಬಂತು. ಸೆರಗು ಬಾಯಿಗೆ ತುರುಕಿಕೊಂಡೆ. ಮತ್ತೆ ತೂಗಿದ.

"ಕ್ಲಚ್ ಮ್ಯಾಲಿಂದ ಕಾಲ್ ತಗಿಯೋ ಹಾಟ್ಯಾ!"

ಕಸ್ತೂರಿ ತಿರುಗಲಿಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡಿದಳು.

"ಮೂಕಿಗೆ ಮಾತು ಬಂತಲ್ಲ," ಅಂದಳು.

ನೀಲವ್ವ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಗಾಡಿ ಅಲ್ಲಾಡಿತು.

"ವೈನಿ, ಬೇಕಾದ್ರ ಆಮ್ಯಾಲ ಬೈರಿ," ಅಂದೆ. "ಈಗ ಮೀಟರಿನ ಕಾಟಾ ಕೆಂಪಿಗೆ ಹೊಂಟೈತಿ, ಇಂಜಿನ್ ಕಾಯಾಕತ್ತೈತಿ. ಅಣ್ಣಾ, ಎಸಿ ಬಂದ್ ಮಾಡು. ಹೀಟರ್ ಹಾಕು, ಪೂರ್ತಿ."

"ಈ ಸೆಕ್ಯಾಗ ಹೀಟರ್?" ಕಸ್ತೂರಿ ಕೂಗಿದಳು.

"ಇಂಜಿನ್ನಿನ ಬಿಸಿ ಒಳಗ ಬರ್ಲಿ. ಒಂದೋ ಅದು ಕಾಯಬೇಕು, ಇಲ್ಲಾ ನಾವು."

ಇದು ನಿಜವಾದ ಉಪಾಯ, ನೀವೂ ಕಲಿತುಕೊಳ್ಳಿ. ಇಂಜಿನ್ ಕಾಯುತ್ತಿದ್ದು, ನಿಲ್ಲಿಸಲು ಜಾಗವಿಲ್ಲದಿದ್ದರೆ ಹೀಟರ್ ಹಾಕಬೇಕು. ಅದು ಇಂಜಿನ್ನಿನ ಬಿಸಿಯನ್ನು ಎಳೆದು ಒಳಗೆ ಊದುತ್ತದೆ. ಗಾಜು ಇಳಿಸಿದೆವು. ಹೊರಗಿನ ಗಾಳಿ ಇನ್ನೂ ಬಿಸಿ. ಕಸ್ತೂರಿಯ ಕುಂಕುಮ ಮೂಗಿಗೆ ಇಳಿಯಿತು. ನೀಲವ್ವ ತಾನು ಹದವಾಗಿ ಬೆಂದೆ, ಮೇಲೆ ತುಪ್ಪ ಹಾಕಿ ಅಂದಳು. ಕಾಟಾ ಮೆಲ್ಲಗೆ ಇಳಿಯಿತು.

ಒಮ್ಮೆಯೂ ಕೆಟ್ಟು ನಿಲ್ಲದೆ ಗಾಡಿ ಮಾಟುಂಗದ ಸಂಘದ ಬಾಗಿಲಿಗೆ ಮುಟ್ಟಿತು.

ಶಂಕ್ರಪ್ಪ ಕೀಲಿ ತಿರುಗಿಸಿ ಹೊರಗೆ ತೆಗೆದು, ಎತ್ತಿ ಹಿಡಿದು, "ಮುಟ್ಟಿಸಿದ್ನೋ ಇಲ್ಲೋ?" ಅಂದ.

ಇಂಜಿನ್ ಓಡುತ್ತಲೇ ಇತ್ತು.

ಕೀಲಿ ಅವನ ಕೈಯಲ್ಲಿ, ಗಾಡಿ ಗುರ್ ಗುರ್ ಎನ್ನುತ್ತಿದೆ. ಅವನು ಕೀಲಿ ಹಾಕಿದ, ತಿರುಗಿಸಿದ, ತೆಗೆದ. ಗಾಡಿಗೆ ಖಬರಿಲ್ಲ. ಕೀಲಿಯ ಹಿಂದಿನ ಸ್ವಿಚ್ಚು ಒಳಗೆ ಸುಟ್ಟು ಅಂಟಿಕೊಂಡರೆ ಹೀಗಾಗುತ್ತದೆ. ಹಳೆಯ ಗಾಡಿಗೆ ಹೊಸ ರೋಗವಲ್ಲ.

"ಬಂದ್ ಮಾಡ್ರಿ, ಮಂದಿ ನೋಡಾಕತ್ತಾರ," ಅಂದಳು ಕಸ್ತೂರಿ.

"ಆಗವಲ್ದು."

"ಆಗವಲ್ದು ಅಂದ್ರ?"

"ನಿಲ್ಲಬಾರದು ಅಂದಿದ್ದಿ. ನಿಲ್ಲವಲ್ದು. ಇದಕ್ಕಿಂತಾ ಮಾತು ಕೇಳೂ ಗಾಡಿ ಎಲ್ಲಿ ಸಿಗತೈತಿ ನಿನಗ?" ಅವನು ಕುಣಿಯುವುದೊಂದು ಬಾಕಿ.

ವಾಚ್‌ಮನ್ ಬಂದ. "ಭಾವೂ, ಗಾಡಿ ಬಂದ್ ಕರಾ ನಾ."

"ಅದಕ್ಕ ಮನಸಿಲ್ಲ!" ಅಂದ ಶಂಕ್ರಪ್ಪ, ಮರಾಠಿಯವನಿಗೆ ಕನ್ನಡದಲ್ಲಿ.

ಡ್ರೈವರ್ ಸೀಟಿಗೆ ನಾನೇ ಹೋದೆ. ಬ್ರೇಕ್ ಗಟ್ಟಿ ಒತ್ತಿ, ಐದನೇ ಗೇರ್ ಹಾಕಿ, ಕ್ಲಚ್ ಫಟ್ಟನೆ ಬಿಟ್ಟೆ. ಗಾಡಿ ಆನೆಯ ಹಾಗೆ ಒಮ್ಮೆ ಕೊಸರಿ ನಿಂತಿತು. ಇಳಿದು ಬಾನೆಟ್ ಎತ್ತಿ, ಹಿಟ್ಟಿನ ಡಬ್ಬಿಯಿಂದ ಪಾನಾ ತೆಗೆದು ಬ್ಯಾಟರಿಯ ವೈರು ಬಿಚ್ಚಿಟ್ಟೆ. ಎಲ್ಲರೂ ಚಪ್ಪಾಳೆ ಹೊಡೆದರು. ರೊಟ್ಟಿ ಪಂದ್ಯಕ್ಕೆ ಇದೂ ಒಂದು ಅಂಗ ಎಂದುಕೊಂಡರೋ ಏನೋ.

ನೀಲವ್ವ ಇಳಿಯಲಿಲ್ಲ. "ಮ್ಯಾಲ ಮೆಟ್ಟಲಾ ಅದಾವ. ಈ ಸೀಟು ನನ್ನ ಮೊಳಕಾಲಿಗೆ ಬರೋಬ್ಬರಿ ಎತ್ತರ ಐತಿ. ರೊಟ್ಟಿ ಇಲ್ಲೇ ಕಳಸ್ರಿ," ಅಂದಳು.

ಕಸ್ತೂರಿಗೆ ಬಹುಮಾನ ಬರಲಿಲ್ಲ. ರೊಟ್ಟಿ ಉಬ್ಬಿದ್ದು ಚೆನ್ನಾಗಿತ್ತಂತೆ. ಡೀಸೆಲ್ ವಾಸನೆ ಇದೆ ಅಂದರಂತೆ ರುಚಿ ನೋಡಿದವರು. ಅವಳು ಕೆಳಗೆ ಬಂದಾಗ ನಾನು ಗಾಡಿಯ ಪಕ್ಕದಲ್ಲಿ ನಿಂತಿದ್ದೆ. ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ, ಮುಂದೆ ಬಂದು ನಿಂತಳು.

"ಕರಾರಿನ ಮಾತು ಬಿಡ್ರಿ. ಅವರು ಗೆದ್ದರು ಅಂತ ಇಟ್ಕೊಳ್ಳೋಣ. ನೀವು ಖರೇ ಹೇಳ್ರಿ. ಇದು ಇನ್ನ ಎಷ್ಟು ತಿಂತೈತಿ?"

ಶಂಕ್ರಪ್ಪ ಹಿಂದೆ ನಿಂತು ನನಗೆ ಕಣ್ಣು ಮಾಡಿದ, ಕೈ ಮುಗಿದ. ನನಗೆ ಸುಳ್ಳು ಹೇಳಿ ರೂಢಿಯಿಲ್ಲ, ಹೇಳಿದರೂ ಯಾರೂ ನಂಬುವುದಿಲ್ಲ.

"ಕೀಲಿ ಸ್ವಿಚ್ ಇವತ್ತ ಹೋತು," ಅಂದೆ. "ಕ್ಲಚ್ ಅರ್ಧಾ ಇವತ್ತ ಸುಟ್ಟಾನ. ಟರ್ಬೋ ಎಣ್ಣಿ ಕುಡಿಯಾಕತ್ತೈತಿ, ವರ್ಷದಾಗ ಹೊಕ್ಕೈತಿ. ಇಂಜೆಕ್ಟರ್ ಆಮ್ಯಾಲ. ಎಸಿ ಕಾಯಿಲ್ ಸೋರತೈತಿ. ಕೆಳಗ ತುಕ್ಕು ಹತ್ತೈತಿ. ಓಡಿಸಿದ್ರ ಉಳಿದ ಅರ್ಧಾ ಅಂಗಡೀನೂ ಉಟಗೋತೈತಿ."

ಶಂಕ್ರಪ್ಪ ಫುಟ್‌ಪಾತಿನ ಮೇಲೆ ಕೂತ.

"ಓಡಿಸ್ಲಿಲ್ಲ ಅಂದ್ರ?" ಕೇಳಿದಳು ಕಸ್ತೂರಿ.

"ಓಡಿಸ್ಲಿಲ್ಲ ಅಂದ್ರ ಏನೂ ತಿನ್ನೂದಿಲ್ಲ. ನಿಂತ ಗಾಡಿ ಉಪವಾಸ ಇರತೈತಿ. ಆಗೊಮ್ಮೆ ಈಗೊಮ್ಮೆ ಇಂಜಿನ್ ತಿರುಗಿಸಿದ್ರ ಸಾಕು, ಬ್ಯಾಟರಿ ಜೀವಾ ಹಿಡಕೊಂಡಿರತೈತಿ."

ಕಸ್ತೂರಿ ಹಿಂದಿನ ಬಾಗಿಲು ತೆಗೆದಳು. ಹೆಂಚು, ಒಲೆ ಹೊರಗಿದ್ದವು. ಹಿಂದಿನ ಸೀಟು ಮಡಚಿ ಅಂದಳು, ಮಡಚಿದೆ. ಒಳಗೆ ಕೈ ಚಾಚಿ ಮೊಳ ಹಾಕಿದಳು. ಅಡ್ಡ ಹಾಕಿದಳು, ಉದ್ದ ಹಾಕಿದಳು, ಎತ್ತರ ಹಾಕಿದಳು. ಅಂಗಡಿಯ ಮಾಲು ಇಡುವ ಬಾಡಿಗೆ ಖೋಲಿಯನ್ನು ಅದರ ಮಾಲೀಕ ಆ ದಿನಗಳಲ್ಲಿ ಬಿಡಿಸುತ್ತಿದ್ದ. ಪಾರ್ಲೆಯಲ್ಲಿ ಇನ್ನೊಂದು ಖೋಲಿ ಎಂದರೆ ಎಷ್ಟು ಸೀರೆ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರ ಬಿಲ್ಡಿಂಗಿನ ಕಂಪೌಂಡಿನಲ್ಲಿ ಗಾಡಿ ನಿಲ್ಲಿಸುವ ಜಾಗ ಮಾತ್ರ ಮೊದಲಿನಿಂದಲೂ ಅವರದೇ.

"ಬಾಗಲಾ ಗಟ್ಟಿ ಅದಾವ?"

"ಗಟ್ಟಿ."

"ಮಳಿ ಒಳಗ ಬರತೈತಿ?"

"ರಬ್ಬರ್ ಬದಲಿಸ್ತೀನಿ. ಬರೂದಿಲ್ಲ."

"ಇಲಿ?"

"ಅಮಾಸಿ ನಿಂದರ್ಸಿದ್ರ ಇಲಿ ಬರೂದಿಲ್ಲ."

ಅವಳು ಗಂಡನ ಕಡೆ ತಿರುಗಿದಳು. "ಏಳ್ರಿ. ಗಾಡಿ ಇರ್ಲಿ. ಇವತ್ತ ಮನಿ ತನಕ ಹೊಡೀರಿ. ಅದೇ ಕಡೀಕ."

ಅವನು ಎದ್ದ. ಅವನ ಮುಖ ನೋಡಿದರೆ ಗೆದ್ದವನೋ ಸೋತವನೋ ತಿಳಿಯುತ್ತಿರಲಿಲ್ಲ. ಗಾಡಿಯೊಳಗಿಂದ ನೀಲವ್ವ ಕೂಗಿದಳು: "ಏನ ನೋಡ್ತೀಯೋ, ಕುಂದರೂ ಸೀಟು ಎಲ್ಲಿಗೂ ಹೋಗಿಲ್ಲಲ್ಲ!"

ಹೀಗೆ ಅದು ಪಾರ್ಲೆಯ ಕಂಪೌಂಡಿಗೆ ಬಂದು ನಿಂತಿತು. ಕೀಲಿಗೆ ಬಗ್ಗದ್ದರಿಂದ ಅಲ್ಲೂ ನಿಲ್ಲಿಸಿದ್ದು ಐದನೇ ಗೇರಿನಲ್ಲೇ. ಹಿಂದೆ ಇಳಕಲ್, ನಡುವೆ ಖಣ, ಡ್ಯಾಶ್‌ಬೋರ್ಡಿನ ಮೇಲೆ ಸೆರಗಿನ ಸ್ಯಾಂಪಲ್ಲು. ಶಂಕ್ರಪ್ಪ ಸಂಜೆಯಾದರೆ ಡ್ರೈವರ್ ಸೀಟಿನಲ್ಲಿ ಕೂರುತ್ತಾನೆ. ಕಸ್ತೂರಿ ಅಂಗಡಿಯಿಂದ ಫೋನ್ ಮಾಡಿ, "ಹಸರು, ಕೆಂಪು ಸೆರಗು, ಎರಡು," ಅಂದರೆ ಕೂತಲ್ಲೇ ಹಿಂದೆ ತಿರುಗಿ ಎಳೆದು, ಅವಳು ಕಳಿಸಿದ ಗಿರಾಕಿಗೆ ಕೊಡುತ್ತಾನೆ. ನೀಲವ್ವ ಪಕ್ಕದ ಸೀಟಿನಲ್ಲಿ ಕೂತು ಬಿಲ್ಡಿಂಗಿನ ಸುದ್ದಿ ಹೇಳುತ್ತಾಳೆ.

ನಾನು ಕೆಲಸ ಬಿಟ್ಟ ಮೇಲೆಯೂ ಆ ಗಾಡಿಯ ಫೋನು ಬರುವುದು ನಿಂತಿಲ್ಲ. ಮೊನ್ನೆ ಶಂಕ್ರಪ್ಪ ಮಾಡಿದ.

"ಖಾಲಾ, ಹಾರನ್ ಬಡಿಯವಲ್ದು."

"ಎಲ್ಲಿಗೂ ಹೋಗದ ಗಾಡಿಗೆ ಹಾರನ್ ಯಾಕಪಾ?"

"ಗಿರಾಕಿ ಬಂದಾರ, ಅತ್ತಿ ಚಹಾ ಬೇಕು ಅಂತಾಳ. ಚಹಾದವನ್ನ ಹೆಂಗ ಕರೀಲಿ?"

ಹೋದೆ. ಹಾರನ್ನಿನ ವೈರು ತುಕ್ಕು ಹಿಡಿದಿತ್ತು. ಕೆರೆದು ಕೂಡಿಸಿದೆ. ಅವನು ಒತ್ತಿದ. ಬಿಲ್ಡಿಂಗಿನ ನಾಯಿಗಳೆಲ್ಲ ಎದ್ದವು, ಚಹಾದವನು ಓಡಿ ಬಂದ.

ಮೂರು ಚಹಾ ಅಂದ ಶಂಕ್ರಪ್ಪ. ನಾನು ನಾಲ್ಕು ಅಂದೆ, ನನ್ನದು ಎರಡು, ಒಂದು ಹಾರನ್ನಿನ ಕೂಲಿ.